ಅಮೂರ್ತ ಶಿಲ್ಪದಲ್ಲಿ ಮಾನವಾಕೃತಿ ಮತ್ತು ನೆನಪು

ಮುಖ, ಕೈಕಾಲು, ಉಡುಗೆತೊಡುಗೆಗಳ ಹೋಲಿಕೆಯನ್ನು ಬಿಟ್ಟುಕೊಟ್ಟ ಮೇಲೂ ಇಪ್ಪತ್ತನೆಯ ಶತಮಾನದ ಶಿಲ್ಪದಲ್ಲಿ ಮನುಷ್ಯದೇಹ ಉಳಿದುಬಂದ ಬಗೆ, ಆ ದೇಹದ ಆಸರೆಯಲ್ಲಿ ಸತ್ತವರ, ಅಗಲಿದವರ, ಹಾಳಾದ ಊರುಗಳ ನೆನಪು ನೆಲೆ ಕಂಡ ಬಗೆ, ಅಂಥ ಕೃತಿಗಳನ್ನು ಅರ್ಥೈಸುವ ದಾರಿ - ಇವು ಈ ಲೇಖನದ ವ್ಯಾಪ್ತಿ. ಅಮೂರ್ತ ಶಿಲ್ಪವೆಂದರೆ ಮನುಷ್ಯನನ್ನು ಹೊರಗಿಟ್ಟ ಶಿಲ್ಪ ಎಂಬ ಮಾತು ಆಗಾಗ ಕೇಳಿಬರುತ್ತದೆ. ಶತಮಾನದ ಮುಖ್ಯ ಕೃತಿಗಳನ್ನು ಒಂದರ ಪಕ್ಕ ಒಂದಿಟ್ಟು ನೋಡಿದರೆ ಆ ಮಾತು ನಿಲ್ಲುವುದಿಲ್ಲ. ಮುಖದ ಹೋಲಿಕೆ ಹೋಯಿತು ನಿಜ. ಮನುಷ್ಯನ ಎತ್ತರ, ತೂಕ, ನಿಲುವು, ಮೈಯೊಳಗಿನ ಪೊಳ್ಳು ಮಾತ್ರ ಉಳಿದವು. ನೆನಪು ಮುಖದಿಂದ ಇಳಿದು ಬಂದು ಇವುಗಳಲ್ಲಿ ಸೇರಿಕೊಂಡಿತು ಎಂಬುದೇ ಈ ಪರಂಪರೆಯ ಮುಖ್ಯ ಸಂಗತಿ.

ಪೀಠದ ಮೇಲಿನ ಗಣ್ಯರು

ಹತ್ತೊಂಬತ್ತನೆಯ ಶತಮಾನದ ಯೂರೋಪಿನಲ್ಲಿ ಸ್ಮಾರಕಕ್ಕೆ ಒಂದೇ ಅಚ್ಚು ಇತ್ತು: ಎತ್ತರದ ಪೀಠ, ಅದರ ಮೇಲೆ ಕಂಚಿನ ಗಣ್ಯವ್ಯಕ್ತಿ, ಕೆಳಗೆ ಹೆಸರು ಮತ್ತು ಇಸವಿ. ಈ ಅಚ್ಚಿಗೆ ಮೊದಲ ದೊಡ್ಡ ಪೆಟ್ಟು ಕೊಟ್ಟವರು ಆಗಸ್ಟ್ ರೋಡಿನ್ (1840-1917). ಕಾದಂಬರಿಕಾರ ಬಾಲ್ಜಾಕನ ಪ್ರತಿಮೆ ಮಾಡಿಕೊಡುವಂತೆ ಪ್ಯಾರಿಸ್ಸಿನ ಲೇಖಕರ ಸಂಘ 1891ರಲ್ಲಿ ಕೇಳಿಕೊಂಡಾಗ ಬಾಲ್ಜಾಕ್ ತೀರಿಕೊಂಡು ನಲವತ್ತು ವರ್ಷ ದಾಟಿತ್ತು. ರೋಡಿನ್ ಹಳೆಯ ಛಾಯಾಚಿತ್ರ ಹುಡುಕಿದರು, ಲೇಖಕ ಹುಟ್ಟಿದ ಸೀಮೆಗೆ ಹೋಗಿ ಅಲ್ಲಿಯ ಜನರ ಚಹರೆ ಗಮನಿಸಿದರು, ಬಾಲ್ಜಾಕನ ಅಳತೆ ಬಲ್ಲ ದರ್ಜಿಯಿಂದ ಅದೇ ಅಳತೆಯ ಬಟ್ಟೆ ಹೊಲಿಸಿದರು. ಇಷ್ಟೆಲ್ಲ ಕಲೆಹಾಕಿದ ಮೇಲೆ ಅದನ್ನೆಲ್ಲ ಒಂದು ದೊಡ್ಡ ನಿಲುವಂಗಿಯ ಕೆಳಗೆ ಮುಚ್ಚಿಬಿಟ್ಟರು. 1898ರಲ್ಲಿ ಜನ ಕಂಡದ್ದು ಹಿಂದಕ್ಕೆ ವಾಲಿದ ಒಂದು ಗುಡ್ಡೆ, ಅದರ ತುದಿಯಲ್ಲಿ ಒರಟಾದ ತಲೆ. ಸಂಘ ಅದನ್ನು ಒಪ್ಪಲಿಲ್ಲ. ಕಂಚಿನ ಎರಕ ಪ್ಯಾರಿಸ್ಸಿನ ಬೀದಿಯಲ್ಲಿ ನಿಂತದ್ದು 1939ರಲ್ಲಿ, ಶಿಲ್ಪಿ ತೀರಿಕೊಂಡು ಇಪ್ಪತ್ತೆರಡು ವರ್ಷಗಳ ಮೇಲೆ. ಬಾಲ್ಜಾಕ್ ಹೇಗಿದ್ದ ಎಂಬ ಪ್ರಶ್ನೆಗಿಂತ ಬಾಲ್ಜಾಕ್ ನೆನಪಿನಲ್ಲಿ ಹೇಗೆ ನಿಲ್ಲುತ್ತಾನೆ ಎಂಬ ಪ್ರಶ್ನೆ ಇಲ್ಲಿ ಮೊದಲ ಬಾರಿಗೆ ಮುಂದೆ ಬಂತು. ಮುಂದಿನದೆಲ್ಲ ಈ ಪ್ರಶ್ನೆಯ ಬೆಳವಣಿಗೆ.

ಬ್ರಾಂಕುಸಿ

ರೊಮೇನಿಯದ ಹಳ್ಳಿಯೊಂದರಲ್ಲಿ ಹುಟ್ಟಿ 1904ರಲ್ಲಿ ಪ್ಯಾರಿಸ್ ಸೇರಿದ ಕಾನ್‌ಸ್ಟಾಂಟಿನ್ ಬ್ರಾಂಕುಸಿ (1876-1957) ರೋಡಿನ್ ಅವರ ಕಾರ್ಯಾಗಾರದಲ್ಲಿ ಸ್ವಲ್ಪ ಕಾಲ ಮಾತ್ರ ದುಡಿದು ಹೊರಬಂದರು. ಜೇಡಿಮಣ್ಣಿನಲ್ಲಿ ಮಾದರಿ ಮಾಡಿ ಸಹಾಯಕರಿಂದ ಕಲ್ಲಿನಲ್ಲಿ ತೆಗೆಸುವ ಆಗಿನ ವಾಡಿಕೆಯನ್ನು ಬಿಟ್ಟು ಉಳಿಯನ್ನು ನೇರವಾಗಿ ಕಲ್ಲಿಗೇ ಇಟ್ಟರು. 1907-08ರ 'ಚುಂಬನ'ದಲ್ಲಿ ಒಂದೇ ದಿಮ್ಮಿಯಲ್ಲಿ ಇಬ್ಬರಿದ್ದಾರೆ; ಅವರನ್ನು ಬೇರ್ಪಡಿಸುವುದು ನಡುವಿನ ಒಂದು ಗೀರು ಮಾತ್ರ. ಇದರದೇ ಎತ್ತರದ ಇನ್ನೊಂದು ರೂಪ, 1909ರದ್ದು, ಪ್ರಾಣ ಕಳೆದುಕೊಂಡ ರಷ್ಯದ ತರುಣಿಯೊಬ್ಬಳ ಸಮಾಧಿಯ ಮೇಲೆ, ಮೊಂಪಾರ್ನಾಸ್ ಸ್ಮಶಾನದಲ್ಲಿದೆ. ಆ ಕಲ್ಲಿನಲ್ಲಿ ಅವಳ ಮುಖಚಹರೆಯ ಸುಳಿವಿಲ್ಲ. ಒಬ್ಬಳ ಗೋರಿಯ ಮೇಲೆ ಇಬ್ಬರು ತಬ್ಬಿ ನಿಂತಿದ್ದಾರೆ ಎಂಬುದಷ್ಟೇ ಅಲ್ಲಿರುವ ಮಾತು, ಮತ್ತು ಅಷ್ಟೇ ಸಾಕಾಗುತ್ತದೆ.

ಅವರ ಅತಿ ದೊಡ್ಡ ಸ್ಮಾರಕ ಇರುವುದು ರೊಮೇನಿಯದ ತಿರ್ಗು ಜಿಯು ಪಟ್ಟಣದಲ್ಲಿ. ಮೊದಲ ಮಹಾಯುದ್ಧದಲ್ಲಿ, 1916ರ ಅಕ್ಟೋಬರಿನಲ್ಲಿ, ಜಿಯು ನದಿಯ ಬಳಿ ಜರ್ಮನ್ ಸೈನ್ಯವನ್ನು ತಡೆದು ಸತ್ತವರ ನೆನಪಿಗೆ ಆ ಪ್ರಾಂತದ ಮಹಿಳಾ ಸಂಘ ಇದನ್ನು ಮಾಡಿಸಿತು. 1938ರ ಅಕ್ಟೋಬರಿನಲ್ಲಿ ಉದ್ಘಾಟನೆಯಾಯಿತು. ನದಿಯ ಪಕ್ಕದಲ್ಲಿ ಒಂದು ದುಂಡು ಕಲ್ಲಿನ ಮೇಜು, ಸುತ್ತ ಹನ್ನೆರಡು ಕಲ್ಲಿನ ಆಸನಗಳು. ಇದು 'ಮೌನದ ಮೇಜು'. ಸ್ವಲ್ಪ ಮುಂದೆ 'ಚುಂಬನ ದ್ವಾರ'. ಅಲ್ಲಿಂದ ನೇರ ರಸ್ತೆಯಲ್ಲಿ ಊರು ದಾಟಿ ನಡೆದರೆ ಬೀಡುಕಬ್ಬಿಣದ 'ಅನಂತ ಸ್ತಂಭ'. ಮೇಜಿನಿಂದ ಸ್ತಂಭಕ್ಕೆ ಒಂದು ಕಿಲೋಮೀಟರಿಗೂ ಮಿಕ್ಕ ದಾರಿ. ಈ ದಾರಿಯಲ್ಲಿ ಬಂದೂಕು ಹಿಡಿದ ಸೈನಿಕನಿಲ್ಲ, ಅಳುವ ತಾಯಿಯಿಲ್ಲ, ವಿಜಯದೇವತೆಯೂ ಇಲ್ಲ.

ಹಾಗಿದ್ದರೆ ಮನುಷ್ಯನೆಲ್ಲಿ? ಮೇಜಿನ ಸುತ್ತ ಖಾಲಿ ಉಳಿದ ಆಸನಗಳಲ್ಲಿ ಅವನಿದ್ದಾನೆ. ದ್ವಾರದ ಕಂಬಗಳ ಮೇಲೆ ನಡುವೆ ಸೀಳಿದ ವೃತ್ತವಿದೆ. ಹಳೆಯ 'ಚುಂಬನ'ದಲ್ಲಿ ಇಬ್ಬರ ಕಣ್ಣುಗಳು ಕೂಡಿ ಒಂದಾಗಿದ್ದವಲ್ಲ, ಅದೇ ಕಣ್ಣು ಇಲ್ಲಿ ಗುರುತಾಗಿ ಉಳಿದಿದೆ. ಸ್ತಂಭದ ಲೆಕ್ಕ ಇನ್ನೂ ಗಮನಿಸತಕ್ಕದ್ದು. ಒಟ್ಟು ಎತ್ತರ 29 ಮೀಟರಿಗಿಂತ ಸ್ವಲ್ಪ ಹೆಚ್ಚು; ಹದಿನೈದು ಪೂರ್ಣ ಘಟಕಗಳು, ಕೆಳಗೂ ಮೇಲೂ ಅಪೂರ್ಣ ಘಟಕ. ಒಂದೊಂದು ಪೂರ್ಣ ಘಟಕದ ಎತ್ತರ 180 ಸೆಂಟಿಮೀಟರ್, ಅಂದರೆ ನೆಟ್ಟಗೆ ನಿಂತ ಎತ್ತರದ ಆಳು. ಒಬ್ಬನ ಹೆಗಲ ಮೇಲೆ ಇನ್ನೊಬ್ಬ ನಿಂತಂತೆ ಅದು ಮೇಲೇರುತ್ತದೆ. ತುದಿಯ ಘಟಕ ಅರ್ಧಕ್ಕೇ ಕಡಿದಿರುವುದರಿಂದ ಕಣ್ಣು ಅಲ್ಲಿಗೆ ನಿಲ್ಲದೆ ಆಕಾಶಕ್ಕೆ ಹೋಗುತ್ತದೆ. ಆ ಸೀಮೆಯ ಹಳ್ಳಿಗಳಲ್ಲಿ ಸಮಾಧಿಗೆ ನೆಡುತ್ತಿದ್ದ ಕೆತ್ತನೆಯ ಮರದ ಕಂಬಗಳ ಛಾಯೆ ಇದರಲ್ಲಿದೆಯೆಂದು ವಿದ್ವಾಂಸರು ಗುರುತಿಸಿದ್ದಾರೆ. ಇಪ್ಪತ್ತನೆಯ ಶತಮಾನದ ಯುದ್ಧಸ್ಮಾರಕಗಳಲ್ಲಿ ಇದಕ್ಕೆ ಸಮನಾದದ್ದು ಇನ್ನೊಂದಿಲ್ಲವೆಂದು ಹೇಳಲು ಹಿಂಜರಿಯಬೇಕಿಲ್ಲ. ಯುನೆಸ್ಕೊ 2024ರಲ್ಲಿ ಇದನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು.

ಬ್ರಾಂಕುಸಿಗೆ ಭಾರತದ ನಂಟೂ ಇತ್ತು. ಇಂದೂರಿನ ಮಹಾರಾಜ ಎರಡನೆಯ ಯಶವಂತರಾವ್ ಹೋಳ್ಕರ್ ಈ ಶಿಲ್ಪಿಯ 'ಆಕಾಶದಲ್ಲಿ ಹಕ್ಕಿ' ಮಾಲಿಕೆಯ ಮೂರು ಕೃತಿಗಳನ್ನು ಕೊಂಡು, ಇಂದೂರಿನಲ್ಲಿ ಧ್ಯಾನಮಂದಿರವೊಂದನ್ನು ಕಟ್ಟಿಕೊಡಲು ಕೇಳಿದ್ದರು. ಅದಕ್ಕಾಗಿ ಶಿಲ್ಪಿ ಇಂದೂರಿಗೆ ಬಂದೂ ಹೋದರು. ಮಂದಿರ ಕಟ್ಟಲಾಗಲಿಲ್ಲ. ಆ ಮೂರರಲ್ಲಿ ಅಮೃತಶಿಲೆಯ ಎರಡು ಹಕ್ಕಿಗಳು ಈಗ ಆಸ್ಟ್ರೇಲಿಯದ ಕ್ಯಾನ್‌ಬೆರಾದಲ್ಲಿವೆ.

ಪೊಳ್ಳು ಮೂಡಿದ್ದು

ಇತ್ತ ಮೈಯನ್ನು ಇಡಿಯಾಗಿ ತುಂಬುವ ಬದಲು ತೆರೆದು ತೋರಿಸುವ ಪ್ರಯತ್ನ 1910ರ ದಶಕದಲ್ಲಿಯೇ ಮೊದಲಾಗಿತ್ತು. ನೌಮ್ ಗಾಬೊ ತೆಳು ಹಲಗೆಗಳನ್ನು ಅಡ್ಡಡ್ಡ ಜೋಡಿಸಿ ತಲೆಗಳನ್ನು ರಚಿಸಿದರು. ಶಿಲ್ಪಕ್ಕೆ ಘನವಾದ ಮೈ ಬೇಕಾಗಿಲ್ಲವೆಂದು 1920ರಲ್ಲಿ ಮಾಸ್ಕೋದಲ್ಲಿ ಸಾರಿದರು. ಆದರೆ ಪೊಳ್ಳಿಗೂ ನೆನಪಿಗೂ ಗಂಟು ಬಿದ್ದದ್ದು ಕವಿ ಗಿಯೋಮ್ ಅಪೋಲಿನೇರ್ ಅವರ ಸ್ಮಾರಕದ ಪ್ರಸಂಗದಲ್ಲಿ. 1918ರ ನವೆಂಬರಿನಲ್ಲಿ ತೀರಿಕೊಂಡ ಈ ಕವಿಯ ಗೆಳೆಯರು ಸ್ಮಾರಕದ ಕೆಲಸವನ್ನು ಪಿಕಾಸೊ ಅವರಿಗೆ ವಹಿಸಿದರು. ಅಪೋಲಿನೇರ್ ತಮ್ಮ ಕಥೆಯೊಂದರಲ್ಲಿ, ಸತ್ತ ಕವಿಗೆ ಶೂನ್ಯದಿಂದಲೇ ಪ್ರತಿಮೆ ಮಾಡುವ ಶಿಲ್ಪಿಯನ್ನು ಕಲ್ಪಿಸಿದ್ದರು. ಪಿಕಾಸೊ 1928ರಲ್ಲಿ ಕಬ್ಬಿಣದ ಸರಿಗೆಗಳಿಂದ, ಗಾಳಿಯಲ್ಲಿ ಗೆರೆ ಎಳೆದಂಥ ಆಕೃತಿಗಳನ್ನು ತಂದಿಟ್ಟರು: ಮೇಲೊಂದು ಪುಟ್ಟ ತಲೆ, ಉಳಿದದ್ದು ಬಯಲು. ಗೆಳೆಯರ ಸಮಿತಿ ಒಪ್ಪಲಿಲ್ಲ. ಕೊನೆಗೆ 1959ರಲ್ಲಿ ಕವಿಯ ಸ್ಮಾರಕವಾಗಿ ಪ್ಯಾರಿಸ್ಸಿನಲ್ಲಿ ನಿಂತದ್ದು ಪಿಕಾಸೊ ಬಹಳ ಹಿಂದೆ ಮಾಡಿದ್ದ ಬೇರೊಬ್ಬ ಮಹಿಳೆಯ ಕಂಚಿನ ತಲೆ.

ಪಿಕಾಸೊಗೆ ಬೆಸುಗೆಯ ಕೆಲಸದಲ್ಲಿ ನೆರವಾದವರು ಹೂಲಿಯೊ ಗೊಂಜಾಲೆಜ್ (1876-1942). ಸ್ಪೇನಿನ ಅಂತರ್ಯುದ್ಧದ ಕಾಲದಲ್ಲಿ ಅವರು ಮಾಡಿದ ಎರಡು ಕೃತಿಗಳು ಈ ವಿಷಯಕ್ಕೆ ಮುಖ್ಯ. 1937ರ ಪ್ಯಾರಿಸ್ ಪ್ರದರ್ಶನಕ್ಕೆಂದು ಮಾಡಿದ 'ಮೊನ್ಸೆರಾ' ಮಗುವನ್ನೆತ್ತಿ ಕುಡುಗೋಲು ಹಿಡಿದ ರೈತಹೆಣ್ಣು. ಯಾರಿಗಾದರೂ ಗುರುತು ಹತ್ತುತ್ತದೆ. ಎರಡು ವರ್ಷ ಕಳೆದು, ಗಣರಾಜ್ಯ ಸೋತ ಹೊತ್ತಿಗೆ ಮಾಡಿದ 'ಕಳ್ಳಿ ಮನುಷ್ಯ'ನಲ್ಲಿ ಕಬ್ಬಿಣದ ತುಂಡುಗಳಿಗೆ ಮೊಳೆಗಳು ಮುಳ್ಳಿನಂತೆ ಎದ್ದಿವೆ. ಮನುಷ್ಯ ಎಲ್ಲಿಂದ ಎಲ್ಲಿಯವರೆಗೆ ಎಂದು ಹೇಳುವುದೇ ಕಷ್ಟ. ಹೋರಾಟಕ್ಕೆ ಜನರನ್ನು ಕರೆಯಬೇಕಾದಾಗ ಮೂರ್ತ, ಸೋಲನ್ನು ಒಳಗೆ ಅನುಭವಿಸಬೇಕಾದಾಗ ಅಮೂರ್ತ ಎಂದು ಇದರಿಂದ ಯಾರಾದರೂ ಸೂತ್ರ ಕಟ್ಟಬಹುದು. ಆ ಸೂತ್ರವನ್ನು, ಮುಂದೆ ನೋಡಲಿರುವ ಶಿಲ್ಪಿ ಬಾರ್ಬರಾ ಹೆಪ್‌ವರ್ತ್ ಅವರ ಕೃತಿಗಳು ಮುರಿಯುತ್ತವೆ.

ಜಾಕೊಮೆಟ್ಟಿ: ನೆನಪಿನಿಂದ ಮಾಡಿದ ಶಿಲ್ಪ

ಸ್ವಿಟ್ಜರ್ಲೆಂಡಿನ ಆಲ್ಬರ್ಟೊ ಜಾಕೊಮೆಟ್ಟಿ (1901-1966) ಈ ವಿಷಯದ ನಡುಮನೆಯಲ್ಲಿ ಕೂರಬೇಕಾದವರು. ಚಿತ್ರಕಾರರಾಗಿದ್ದ ಅವರ ತಂದೆ 1933ರಲ್ಲಿ ತೀರಿಕೊಂಡರು. ಮರುವರ್ಷ ಜಾಕೊಮೆಟ್ಟಿ 'ಘನ' ಎಂಬ ಹೆಸರಿನ, ಸುಮಾರು ಮೂರಡಿ ಎತ್ತರದ, ಹಲವು ಸಪಾಟು ಮೈಗಳ ಒಂದು ಗುಂಡನ್ನು ಮಾಡಿದರು. ಕಣ್ಣಿಲ್ಲ, ಬಾಯಿಲ್ಲ, ಹೆಸರಿಗೆ ತಕ್ಕ ಸರಿಯಾದ ಘನವೂ ಅಲ್ಲ. ಅವರ ಜೀವಮಾನದಲ್ಲಿ ಪೂರ್ಣ ಅಮೂರ್ತಕ್ಕೆ ಇಷ್ಟು ಹತ್ತಿರ ಬಂದ ಕೃತಿ ವಿರಳ. ಅದರ ಒಂದು ಮೈಮೇಲೆ ಅವರೇ ಆಮೇಲೆ ತಮ್ಮ ಮುಖವನ್ನು ಗೀರಿದರು. ಫ್ರೆಂಚ್ ಕಲಾಚಿಂತಕ ಜಾರ್ಜ್ ದಿದಿ-ಹ್ಯೂಬರ್‌ಮಾನ್ ಈ ಒಂದೇ ಕೃತಿಯ ಮೇಲೆ ಒಂದು ಪುಸ್ತಕ ಬರೆದು, ಕಣ್ಮರೆಯಾದ ಮುಖವೊಂದರ ಸಮಾಧಿಯಂತೆ ಅದನ್ನು ಓದಿದ್ದಾರೆ. ಈ ಓದು ತಂದೆಯ ಸಾವಿನ ಸಂಗತಿಯೊಂದನ್ನೇ ನೆಚ್ಚಿಕೊಂಡಿದ್ದರೆ ದುರ್ಬಲವಾಗುತ್ತಿತ್ತು. ಗೀರಿದ ಮುಖ ಅಲ್ಲಿ ಇದೆ, ಗಾತ್ರ ತಲೆಗಿಂತ ದೊಡ್ಡದು, ಮೈಗಿಂತ ಚಿಕ್ಕದು. ಇವೇ ಅದಕ್ಕೆ ಬಲ ಕೊಡುವ ಸಾಕ್ಷ್ಯ.

ಇದಾದ ಮೇಲೆ ಜಾಕೊಮೆಟ್ಟಿ ರೂಪದರ್ಶಿಯನ್ನು ಎದುರಿಗೆ ಕೂರಿಸಿಕೊಂಡು ಕೆಲಸ ಮಾಡಲು ಮರಳಿದರು; ಅತಿವಾಸ್ತವವಾದಿಗಳ ಗುಂಪಿನಿಂದ 1935ರಲ್ಲಿ ಹೊರಬಿದ್ದರು. ಎದುರಿಗಿರುವ ತಲೆ ನೋಡಿದಷ್ಟೂ ಅಪರಿಚಿತವಾಗುತ್ತ ಹೋಯಿತು. ಕಡೆಗೆ ಕಂಡದ್ದನ್ನು ನೆನಪಿನಿಂದ ಮಾಡಲು ತೊಡಗಿದರು. ಆಗ ನಡೆದದ್ದು ಶಿಲ್ಪದ ಇತಿಹಾಸದಲ್ಲಿಯೇ ವಿಚಿತ್ರ: ಆಕೃತಿಗಳು ಕೈಯಲ್ಲಿ ಕುಗ್ಗುತ್ತ ಕುಗ್ಗುತ್ತ ಹೋದವು, ಕಡ್ಡಿಯಷ್ಟಾದವು, ಚಾಕುವಿನ ಕೊನೆಯ ತಾಕಿಗೆ ಪುಡಿಯಾದವು. ರಾತ್ರಿ ಬೀದಿಯಲ್ಲಿ ದೂರ ನಿಂತಿದ್ದ ಗೆಳತಿಯೊಬ್ಬಳನ್ನು ಕಂಡಷ್ಟೇ ಗಾತ್ರದಲ್ಲಿ, ಅವಳ ಸುತ್ತಲ ಕತ್ತಲಿನ ಸಮೇತ ಮಾಡಬೇಕೆಂಬ ಹಟ ಇದರ ಹಿಂದಿತ್ತು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಜಿನೀವಾದಲ್ಲಿದ್ದ ಅವರು 1945ರಲ್ಲಿ ಪ್ಯಾರಿಸ್ಸಿಗೆ ಮರಳುವಾಗ ಅಷ್ಟು ವರ್ಷಗಳ ಕೆಲಸವನ್ನು ಬೆಂಕಿಪೊಟ್ಟಣಗಳಲ್ಲಿ ತಂದರೆಂಬ ಮಾತು ಪ್ರಸಿದ್ಧವಾಗಿದೆ. ತಮ್ಮ ಶಿಲ್ಪಗಳು ಹೀಗೆ ಕುಗ್ಗಿದ್ದು ತಮ್ಮನ್ನೇ ಹೆದರಿಸಿತೆಂದು ನ್ಯೂಯಾರ್ಕಿನ ಕಲಾವ್ಯಾಪಾರಿ ಪಿಯೇರ್ ಮತೀಸ್ ಅವರಿಗೆ 1947ರಲ್ಲಿ ಬರೆದ ದೀರ್ಘ ಪತ್ರದಲ್ಲಿ ಅವರೇ ತಿಳಿಸಿದ್ದಾರೆ. ಆಮೇಲೆ ಎತ್ತರ ಮರಳಿತು, ಆದರೆ ದಪ್ಪ ಮರಳಲಿಲ್ಲ. ಈಗ ಎಲ್ಲರಿಗೂ ಗೊತ್ತಿರುವ, ಸವೆದ ಮೈಯ, ಉದ್ದನೆಯ ಮನುಷ್ಯರು ಹುಟ್ಟಿದ್ದು ಹಾಗೆ.

1948ರಲ್ಲಿ ಇವು ನ್ಯೂಯಾರ್ಕಿನಲ್ಲಿ ಪ್ರದರ್ಶನಗೊಂಡಾಗ ಯುದ್ಧ ಮುಗಿದು ಮೂರು ವರ್ಷವಾಗಿತ್ತಷ್ಟೆ. ನಾಜಿ ಶಿಬಿರಗಳಿಂದ ಬದುಕಿ ಬಂದವರ ಛಾಯಾಚಿತ್ರಗಳನ್ನು ಕಂಡಿದ್ದ ಜನ ಈ ಶಿಲ್ಪಗಳಲ್ಲಿಯೂ ಅವರನ್ನೇ ಕಂಡರು. ದಾರ್ಶನಿಕ ಸಾರ್ತ್ರ್ ಮಾತ್ರ ಪ್ರದರ್ಶನಕ್ಕೆ ಬರೆದ ಲೇಖನದಲ್ಲಿ ದೂರದ ಬಗ್ಗೆ ಮಾತಾಡಿದರು: ಈ ಆಕೃತಿಯ ಬಳಿ ಎಷ್ಟೇ ಹತ್ತಿರ ಹೋದರೂ ಅದು ಇಪ್ಪತ್ತು ಹೆಜ್ಜೆ ಆಚೆಯೇ ಇರುತ್ತದೆ ಎಂಬುದು ಅವರ ವಿಚಾರದ ಸಾರ. ಶಿಲ್ಪಿಯ ಪತ್ರಕ್ಕೆ ಹೊಂದುವುದು ಸಾರ್ತ್ರ್ ಮಾತೇ. ಹಾಗೆಂದು ಜನರ ಓದನ್ನು ತಪ್ಪೆನ್ನುವಂತಿಲ್ಲ. ಶಿಲ್ಪಿ ತನ್ನ ನೆನಪನ್ನು ಇಡುತ್ತಾನೆ, ನೋಡುವವರು ತಮ್ಮದನ್ನು ತರುತ್ತಾರೆ; ಮುಖ ಅಳಿಸಿದ ಶಿಲ್ಪದಲ್ಲಿ ಎರಡಕ್ಕೂ ಜಾಗವಿರುತ್ತದೆ. 1960ರ 'ನಡೆಯುತ್ತಿರುವ ಮನುಷ್ಯ' ಸುಮಾರು ಆರಡಿ ಎತ್ತರವಿದ್ದಾನೆ. ಪಾದ ಮಾತ್ರ ಭಾರಿಯಾದುದು, ನೆಲ ಬಿಟ್ಟು ಬರಲೊಲ್ಲದಂಥದ್ದು.

ಯುದ್ಧಾನಂತರದ ಸ್ಮಾರಕಗಳು

1940ರ ಮೇ 14ರಂದು ಜರ್ಮನ್ ವಿಮಾನಗಳು ಹಾಲೆಂಡಿನ ರಾಟರ್‌ಡಾಮ್ ನಗರದ ನಡುಭಾಗವನ್ನು ನೆಲಸಮ ಮಾಡಿದವು. ಅದರ ನೆನಪಿಗೆ ಒಸಿಪ್ ಝಾಡ್‌ಕಿನ್ ಅವರ 'ನಾಶವಾದ ನಗರ' 1953ರಲ್ಲಿ ಅನಾವರಣಗೊಂಡಿತು. ಆಕಾಶಕ್ಕೆ ಎರಡೂ ಕೈ ಎತ್ತಿ ಕಿರುಚುವ ಕಂಚಿನ ದೈತ್ಯಾಕೃತಿಯ ಹೊಟ್ಟೆಯ ಜಾಗದಲ್ಲಿ ದೊಡ್ಡ ತೂತಿದೆ. ಆ ಕಡೆಯ ಆಕಾಶ ಅದರೊಳಗಿಂದ ಕಾಣುತ್ತದೆ. ಊರಿನ ನಡು ಕಿತ್ತುಹೋದದ್ದನ್ನು ದೇಹದ ನಡು ಕಿತ್ತು ತೋರಿಸಿದ ಈ ಕೃತಿಯನ್ನು ಅರ್ಥೈಸಲು ಯಾರ ನೆರವೂ ಬೇಡ. ಅದು ಅದರ ಬಲವೂ ಹೌದು, ಮಿತಿಯೂ ಹೌದು: ಒಮ್ಮೆ ಹೇಳಿದ್ದನ್ನೇ ಅದು ಪ್ರತಿಸಲವೂ ಅದೇ ದನಿಯಲ್ಲಿ ಹೇಳುತ್ತದೆ.

ಹೆನ್ರಿ ಮೂರ್ (1898-1986) ಅವರ ಒರಗಿದ ಆಕೃತಿಗಳಲ್ಲಿ ತೂತು ಗಾಯವಲ್ಲ, ಗುಹೆ. ಮೆಕ್ಸಿಕೊದ ಪ್ರಾಚೀನ ಚಾಕ್‌ಮೂಲ್ ಶಿಲ್ಪದ ಅಚ್ಚನ್ನು ಪ್ಯಾರಿಸ್ಸಿನಲ್ಲಿ ಕಂಡದ್ದು ಅವರ 1929ರ ಮೊದಲ ಮುಖ್ಯ ಒರಗಿದ ಹೆಣ್ಣಿಗೆ ಪ್ರೇರಣೆ. ಅಂದಿನಿಂದ ಕೊನೆಯವರೆಗೂ ದೇಹ ಅವರಿಗೆ ಬೆಟ್ಟಗುಡ್ಡದ ಸಾಲು. ಆದರೆ ನೆನಪಿನ ದೃಷ್ಟಿಯಿಂದ ಅವರ ಗಂಭೀರ ಕೃತಿ ಷಿಕಾಗೊ ವಿಶ್ವವಿದ್ಯಾಲಯದಲ್ಲಿರುವ 'ನ್ಯೂಕ್ಲಿಯರ್ ಎನರ್ಜಿ'. ಎನ್ರಿಕೊ ಫರ್ಮಿ ಮತ್ತು ಸಂಗಡಿಗರು ಜಗತ್ತಿನ ಮೊದಲ ನಿಯಂತ್ರಿತ ಪರಮಾಣು ಸರಣಿಕ್ರಿಯೆಯನ್ನು ಸಾಧಿಸಿದ ಸ್ಥಳದಲ್ಲಿ, ಸರಿಯಾಗಿ ಇಪ್ಪತ್ತೈದು ವರ್ಷಗಳ ಮೇಲೆ, 1967ರ ಡಿಸೆಂಬರ್ 2ರಂದು ಇದು ಅನಾವರಣಗೊಂಡಿತು. ಹನ್ನೆರಡಡಿ ಎತ್ತರದ ಈ ಕಂಚಿಗೆ ಮೇಲ್ಗಡೆ ನುಣುಪಾದ ಗುಂಡುತಲೆ. ಕೆಳಗೆ ಕಣ್ಣುಗೂಡುಗಳಂಥ ಕಮಾನುಗಳು. ಒಂದು ಬದಿಯಿಂದ ತಲೆಬುರುಡೆ, ಇನ್ನೊಂದು ಬದಿಯಿಂದ ಬಾಂಬಿನ ಅಣಬೆಮೋಡ, ಮತ್ತೊಂದು ಬದಿಯಿಂದ ಯಾವುದೋ ದೇಗುಲದ ಒಳಗು. ಇದರ ಚಿಕ್ಕ ರೂಪ 'ಅಟಾಮ್ ಪೀಸ್' ಹಿರೋಷಿಮಾ ನಗರದ ಸಮಕಾಲೀನ ಕಲಾ ಸಂಗ್ರಹಾಲಯದಲ್ಲಿದೆ. ಷಿಕಾಗೊದಲ್ಲಿ ವಿಜ್ಞಾನದ ಸಾಧನೆಯನ್ನು ನೆನೆಯುವ ಆಕಾರವೇ ಹಿರೋಷಿಮಾದಲ್ಲಿ ಸುಟ್ಟ ತಲೆಗಳನ್ನು ನೆನೆಯುತ್ತದೆ. ಆಕಾರ ಒಂದೇ ಆದರೂ ನೆಲ ಬದಲಾದರೆ ನೆನಪು ಬದಲಾಗುತ್ತದೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ಉದಾಹರಣೆ ಸಿಗದು. ಅದೇ ಹಿರೋಷಿಮಾದಲ್ಲಿ ಮೃತರ ಸ್ಮಾರಕಕ್ಕೆ ಇಸಾಮು ನೊಗುಚಿ ಕೊಟ್ಟ ವಿನ್ಯಾಸ ತಿರಸ್ಕೃತವಾಯಿತು. ಶಾಂತಿವನದ ಬಳಿಯ ಸೇತುವೆಗಳಿಗೆ ಅವರು ಮಾಡಿದ ಕಟಕಟೆಗಳು ಮಾತ್ರ ಇವೆ.

ಬಾರ್ಬರಾ ಹೆಪ್‌ವರ್ತ್ (1903-1975) ಅವರ 'ಸಿಂಗಲ್ ಫಾರ್ಮ್' ನ್ಯೂಯಾರ್ಕಿನ ವಿಶ್ವಸಂಸ್ಥೆಯ ಕಟ್ಟಡದ ಮುಂದೆ 1964ರಿಂದ ನಿಂತಿದೆ. 1961ರಲ್ಲಿ ಆಫ್ರಿಕದಲ್ಲಿ ವಿಮಾನ ಅಪಘಾತದಲ್ಲಿ ತೀರಿಕೊಂಡ ಪ್ರಧಾನ ಕಾರ್ಯದರ್ಶಿ ಡಾಗ್ ಹಮ್ಮರ್‌ಷೋಲ್ಡ್ ಅವರ ಸ್ಮಾರಕವಿದು. ಅವರು ಹೆಪ್‌ವರ್ತ್ ಅವರ ಗೆಳೆಯರು. ಶ್ರೀಗಂಧದ ಮರದಲ್ಲಿ ಆಕೆ 1930ರ ದಶಕದಲ್ಲಿ ಕೆತ್ತಿದ್ದ ಅದೇ ಹೆಸರಿನ ಕೃತಿಯೊಂದನ್ನು ಕೊಂಡಿಟ್ಟುಕೊಂಡಿದ್ದರು. 6.4 ಮೀಟರ್ ಎತ್ತರದ ಕಂಚಿನ ಫಲಕ, ಮೇಲ್ಭಾಗದಲ್ಲಿ ಒಂದು ದುಂಡು ತೂತು. ಗುರಾಣಿ ಎನ್ನಬಹುದು, ಎತ್ತಿ ಹಿಡಿದ ಅಂಗೈ ಎನ್ನಬಹುದು, ತಲೆಯ ಪಕ್ಕನೋಟ ಎನ್ನಬಹುದು. ಒಂದನ್ನೇ ಆರಿಸಿಕೊಳ್ಳುವ ಅಗತ್ಯವಿಲ್ಲ. ಇದೇ ಶಿಲ್ಪಿಯ ಮಗ, ಬ್ರಿಟಿಷ್ ವಾಯುಪಡೆಯಲ್ಲಿದ್ದವನು, 1953ರಲ್ಲಿ ಥಾಯ್ಲೆಂಡಿನಲ್ಲಿ ವಿಮಾನ ದುರಂತದಲ್ಲಿ ಸತ್ತಿದ್ದ. ಮಗನ ನೆನಪಿಗೆ ಆಕೆ ಸೇಂಟ್ ಐವ್ಸ್ ಊರಿನ ಚರ್ಚಿಗೆ ಕೆತ್ತಿಕೊಟ್ಟದ್ದು ತಾಯಿ-ಮಗುವಿನ ಮೂರ್ತಶಿಲ್ಪ. ಎರಡು ದಶಕ ಅಮೂರ್ತವನ್ನೇ ಸಾಧಿಸಿದ್ದ ಕೈ ತನ್ನ ಸ್ವಂತ ದುಃಖದಲ್ಲಿ ಮುಖಕ್ಕೆ ಮರಳಿತು. ಲೋಕದ ದುಃಖಕ್ಕೆ ಮುಖವಿಲ್ಲದ ಆಕಾರವನ್ನು ಕೊಟ್ಟಿತು. ಗೊಂಜಾಲೆಜ್ ಅವರಲ್ಲಿ ಕಂಡದ್ದಕ್ಕೆ ಇದು ತದ್ವಿರುದ್ಧ. ನೆನಪು ಯಾವಾಗ ಮುಖ ಕೇಳುತ್ತದೆ, ಯಾವಾಗ ಬೇಡವೆನ್ನುತ್ತದೆ ಎಂಬುದಕ್ಕೆ ನಿಯಮವಿಲ್ಲ. ಪ್ರತಿ ಕೃತಿಯನ್ನೂ ಅದರ ಸಂದರ್ಭದಲ್ಲಿಯೇ ನೋಡಬೇಕು.

ಬೂರ್ಜ್ವಾ ಮತ್ತು ಅಬಕನೋವಿಚ್

ಪ್ಯಾರಿಸ್ಸಿನಲ್ಲಿ ಹುಟ್ಟಿದ ಲೂಯಿಸ್ ಬೂರ್ಜ್ವಾ (1911-2010) ಮದುವೆಯಾಗಿ 1938ರಲ್ಲಿ ನ್ಯೂಯಾರ್ಕಿಗೆ ಹೋದರು. ಬಿಟ್ಟುಬಂದ ತಾಯ್ನೆಲ ಯುದ್ಧದಲ್ಲಿ ಮುಚ್ಚಿಹೋಯಿತು. 1940ರ ದಶಕದ ಕೊನೆಯಲ್ಲಿ ತಾವು ವಾಸವಿದ್ದ ಕಟ್ಟಡದ ತಾರಸಿಯ ಮೇಲೆ ಮರದ ತೊಲೆಗಳನ್ನು ಕಡಿದು, ಬಣ್ಣ ಬಳಿದು, ಆಳೆತ್ತರದ ಸಣಕಲು ಕಂಬಗಳನ್ನು ಮಾಡತೊಡಗಿದರು. ಮುಂದಿನ ವರ್ಷಗಳಲ್ಲಿ ಅವುಗಳ ಸಂಖ್ಯೆ ಎಂಬತ್ತರ ಹತ್ತಿರ ಬಂತು. 'ಪರ್ಸನೇಜಸ್' ಎಂದು ಕರೆಯುವ ಇವು ಫ್ರಾನ್ಸಿನಲ್ಲಿ ಉಳಿದವರ ಬದಲಿಗೆ ನಿಂತವು. ಕೆಳತುದಿ ಚೂಪು, ತಾವಾಗಿ ನಿಲ್ಲಲಾರವು. 1949ರ ಪ್ರದರ್ಶನದಲ್ಲಿ ಇವನ್ನು ಪೀಠದ ಮೇಲಿಡದೆ ನೇರ ನೆಲದ ಮೇಲೆ, ಒಂಟಿಯಾಗಿ, ಜೋಡಿಯಾಗಿ ನಿಲ್ಲಿಸಿದರು. ಬಂದವರು ಇವುಗಳ ನಡುವೆ, ನೆಂಟರಿಷ್ಟರು ಸೇರಿದ ಕೋಣೆಯಲ್ಲಿ ನಡೆದಂತೆ ನಡೆಯಬೇಕಾಯಿತು. ನೆನಪಿನ ಶಿಲ್ಪದ ದೃಷ್ಟಿಯಿಂದ ಪೀಠ ತೆಗೆದದ್ದು ಮುಖ ತೆಗೆದಷ್ಟೇ ದೊಡ್ಡ ಹೆಜ್ಜೆ. ಸತ್ತವರು, ದೂರದವರು ಮೇಲಿನಿಂದ ನೋಡುವುದನ್ನು ಬಿಟ್ಟು ನಮ್ಮ ಮಟ್ಟಕ್ಕೆ ಇಳಿದರು.

ಪೋಲೆಂಡಿನ ಮಗ್ದಲೆನಾ ಅಬಕನೋವಿಚ್ (1930-2017) 1943ರಲ್ಲಿ, ಹದಿಮೂರರ ವಯಸ್ಸಿನಲ್ಲಿ, ಮನೆಗೆ ನುಗ್ಗಿದ ಸೈನಿಕರ ಗುಂಡಿಗೆ ತಾಯಿಯ ತೋಳು ತುಂಡಾದುದನ್ನು ಕಂಡಿದ್ದರು. 1976ರಿಂದ 1980ರವರೆಗೆ ಅವರು ಮಾಡಿದ 'ಬೆನ್ನುಗಳು' ಕೃತಿಯಲ್ಲಿ ಗೋಣಿತಟ್ಟನ್ನು ರಾಳದಲ್ಲಿ ಅದ್ದಿ ಅಚ್ಚಿಗೆ ಒತ್ತಿ ತೆಗೆದ ಎಂಬತ್ತು ಬಾಗಿದ ಬೆನ್ನುಗಳಿವೆ. ತಲೆಯಿಲ್ಲ, ಕೈಯಿಲ್ಲ, ಮುಂದಿನಿಂದ ನೋಡಿದರೆ ಬರೀ ಪೊಳ್ಳು ಸಿಪ್ಪೆ. ಅಚ್ಚು ಒಂದೇ ಆದರೂ ಬಟ್ಟೆಯ ಮಡಿಕೆ ಒಂದೊಂದರಲ್ಲೂ ಬೇರೆ. ಇದು ಪೋಲೆಂಡಿನ ನಾಜಿ ಶಿಬಿರವೇ, ಪೆರುವಿನ ಪ್ರಾಚೀನ ಆಚರಣೆಯೇ, ಬಾಲಿಯ ಪೂಜೆಯೇ ಎಂದು ನೋಡಿದವರು ಕೇಳುತ್ತಿದ್ದರೆಂದೂ ಎಲ್ಲಕ್ಕೂ ಹೌದೆನ್ನಬಹುದಿತ್ತೆಂದೂ ಅವರು ಬರೆದಿದ್ದಾರೆ. ತಾಯಿಯ ತೋಳಿನ ಘಟನೆ ಗೊತ್ತಾದ ಮೇಲೆ ಕೈಯಿಲ್ಲದ ಪ್ರತಿ ಆಕೃತಿಯನ್ನೂ ಅದಕ್ಕೇ ಕಟ್ಟಿಹಾಕುವ ಆಸೆ ಓದುಗರಿಗೆ ಹುಟ್ಟುತ್ತದೆ. ಅದು ಸರಿಯಲ್ಲ. ಎಂಬತ್ತು ಬೆನ್ನುಗಳು ಎಂಬತ್ತಾಗಿರುವುದು ಒಬ್ಬಳ ಕಥೆ ಹೇಳಲಿಕ್ಕಲ್ಲ.

ಆಕೃತಿಯೂ ಇಲ್ಲದಾಗ

ಟೋನಿ ಸ್ಮಿತ್ 1962ರಲ್ಲಿ 'ಡೈ' ಎಂಬ ಉಕ್ಕಿನ ಘನವನ್ನು ಕಾರ್ಖಾನೆಯಲ್ಲಿ ಮಾಡಿಸಿದರು. ಎಲ್ಲ ಅಂಚುಗಳೂ ಆರಡಿ. ಇನ್ನೂ ದೊಡ್ಡದಾಗಿದ್ದರೆ ಸ್ಮಾರಕವಾಗುತ್ತಿತ್ತು, ಚಿಕ್ಕದಾಗಿದ್ದರೆ ವಸ್ತುವಾಗುತ್ತಿತ್ತು, ಎರಡೂ ತಮಗೆ ಬೇಡವಾಗಿತ್ತು ಎಂಬುದು ಅವರ ವಿವರಣೆ. ವಿಮರ್ಶಕ ಮೈಕೆಲ್ ಫ್ರೀಡ್ 1967ರಲ್ಲಿ ಇಂಥ ಕೃತಿಗಳನ್ನು ಆಕ್ಷೇಪಿಸುತ್ತ, ಇವು ಕೋಣೆಯಲ್ಲಿ ಇನ್ನೊಬ್ಬ ವ್ಯಕ್ತಿ ಮೌನವಾಗಿ ನಿಂತಂಥ ಅನುಭವ ಕೊಡುತ್ತವೆ, ಮನುಷ್ಯರೂಪ ಇವುಗಳಲ್ಲಿ ಬಚ್ಚಿಟ್ಟುಕೊಂಡಿದೆ ಎಂದರು. ಆಕ್ಷೇಪವೆಂದು ಅವರು ಹೇಳಿದ ಮಾತು ಇವುಗಳ ಬಗ್ಗೆ ಬಂದ ಅತ್ಯುತ್ತಮ ವರ್ಣನೆಯಾಗಿ ಉಳಿಯಿತು. ಬ್ರಾಂಕುಸಿಯ ಒಂದು ಘಟಕ, ಜಾಕೊಮೆಟ್ಟಿಯ ನಡೆಯುವವನು, ಸ್ಮಿತ್‌ರ ಘನ - ಮೂರೂ ಹೆಚ್ಚು ಕಡಿಮೆ ಒಂದೇ ಎತ್ತರ.

ಬರ್ಲಿನ್ನಿನಲ್ಲಿ 2005ರಲ್ಲಿ ತೆರೆದ, ಹತ್ಯೆಯಾದ ಯಹೂದಿಗಳ ಸ್ಮಾರಕದ 2,711 ಕಾಂಕ್ರೀಟ್ ದಿಮ್ಮಿಗಳು ಅಂಚಿನಲ್ಲಿ ಮೊಣಕಾಲಿನ ಮಟ್ಟಕ್ಕಿದ್ದು ಒಳಗೆ ಹೋದಂತೆ ತಲೆಯನ್ನು ಮೀರಿ ಬೆಳೆಯುತ್ತವೆ. ಅಲ್ಲಿ ಅಳೆಯಲ್ಪಡುವ ದೇಹ ನಡೆಯುವವರದೇ. ರೇಚಲ್ ವೈಟ್‌ರೀಡ್ 1993ರಲ್ಲಿ ಪೂರ್ವ ಲಂಡನ್ನಿನ ಕೆಡವಲಿದ್ದ ಮನೆಯೊಂದರ ಒಳಗನ್ನು ಕಾಂಕ್ರೀಟಿನಲ್ಲಿ ಅಚ್ಚು ತೆಗೆದರು. ಜನ ಓಡಾಡಿದ ಜಾಗವೇ ಗಟ್ಟಿಯಾಗಿ ನಿಂತಿತು. 1994ರ ಜನವರಿಯಲ್ಲಿ ಅದನ್ನೂ ಕೆಡವಲಾಯಿತು.

ಭಾರತದಲ್ಲಿ

ದೇಹದ ಒಂದು ಅಂಶದಿಂದ ಸತ್ತವರನ್ನು ನೆನೆಯುವ ಪದ್ಧತಿ ಕರ್ನಾಟಕಕ್ಕೆ ಹೊಸದಲ್ಲ. ನಮ್ಮ ಅನೇಕ ಮಾಸ್ತಿಕಲ್ಲುಗಳಲ್ಲಿ ಕಂಬವೊಂದರಿಂದ ಮೇಲೆದ್ದ ಬಳೆ ತೊಟ್ಟ ತೋಳೇ ಗುರುತು, ಹೆಣ್ಣಿನ ಮುಖವಿರುವುದಿಲ್ಲ. ಸಹಗಮನವೆಂಬ ಕ್ರೂರ ಪದ್ಧತಿಯನ್ನು ಹೊಗಳಲು ನಿಲ್ಲಿಸಿದ ಕಲ್ಲುಗಳಿವು, ಅದನ್ನು ಮರೆಯುವಂತಿಲ್ಲ. ಆಧುನಿಕ ಶಿಲ್ಪ ಇವುಗಳಿಂದ ಹುಟ್ಟಿತೆಂದೂ ಹೇಳುವಂತಿಲ್ಲ. ಆದರೆ ಪೂರ್ತಿ ಆಕೃತಿಯಿಲ್ಲದೆಯೂ ವ್ಯಕ್ತಿಯ ನೆನಪು ನಿಲ್ಲುತ್ತದೆಂದು ಕನ್ನಡಿಗರಿಗೆ ಹೊರಗಿನವರು ಕಲಿಸಬೇಕಾಗಿಲ್ಲ.

ಭಾರತದ ಆಧುನಿಕ ಶಿಲ್ಪ ಆರಂಭವಾಗುವುದು ಶಾಂತಿನಿಕೇತನದ ರಾಮ್‌ಕಿಂಕರ್ ಬೈಜ್ (1906-1980) ಅವರಿಂದ. ಸಿಮೆಂಟು ಮತ್ತು ಅಲ್ಲಿನ ಕೆಂಪು ಜಲ್ಲಿಯನ್ನು ಕಲೆಸಿ 1938ರಲ್ಲಿ ಮಾಡಿದ 'ಸಂಥಾಲ ಕುಟುಂಬ' ಗಣ್ಯರಲ್ಲದವರಿಗೆ ಸ್ಮಾರಕದ ಗಾತ್ರ ಕೊಟ್ಟಿತು. 1940ರ 'ದೀಪಸ್ತಂಭ'ದಲ್ಲಿ ಅವರು ಅಮೂರ್ತವನ್ನೂ ಮುಟ್ಟಿದರು. ಕ್ಷಾಮದ ವರ್ಷವಾದ 1943ರಲ್ಲಿ ಭತ್ತ ಬಡಿಯುವ, ತಲೆಯಿಲ್ಲದ ಹೆಣ್ಣನ್ನು ನಿಲ್ಲಿಸಿದರು.

ಆ ಬಂಗಾಳದ ಕ್ಷಾಮವನ್ನು ಜೀವನವಿಡೀ ಹೊತ್ತವರು ಸೋಮನಾಥ ಹೋರ್ (1921-2006). ಈಗಿನ ಬಾಂಗ್ಲಾದೇಶದ ಚಿತ್ತಗಾಂಗಿನವರು. ಹಸಿದು ಸತ್ತವರನ್ನೂ ಸಾಯುತ್ತಿದ್ದವರನ್ನೂ ಕಣ್ಣಾರೆ ಕಂಡು ಕಮ್ಯುನಿಸ್ಟ್ ಪಕ್ಷದ ಪತ್ರಿಕೆಗೆ ಚಿತ್ರಿಸಿದರು. 1946ರಲ್ಲಿ ತೇಭಾಗ ರೈತ ಹೋರಾಟದ ನಡುವೆ ಇದ್ದು ಚಿತ್ರ ಸಹಿತ ದಿನಚರಿ ಬರೆದರು. 1970ರ ದಶಕದ 'ಗಾಯಗಳು' ಮಾಲಿಕೆಯಲ್ಲಿ ಮನುಷ್ಯ ಪೂರ್ತಿಯಾಗಿ ಮಾಯವಾದ. ಜೇಡಿಮಣ್ಣಿನ ಹಾಳೆಯನ್ನು ಕೊಯ್ದು, ಚುಚ್ಚಿ, ಅದರಿಂದ ಸಿಮೆಂಟಿನ ಅಚ್ಚು ತೆಗೆದು, ಅದರ ಮೇಲೆ ಕಾಗದದ ಹಿಟ್ಟನ್ನು ಒತ್ತಿ ತೆಗೆದ ಬಿಳಿಯ ಫಲಕಗಳಿವು. ಬಿಳಿಯ ಮೇಲೆ ಬಿಳಿ. ಉಬ್ಬು, ಸೀಳು, ಕಲೆ. ಆಕೃತಿಯಿಲ್ಲ, ಆದರೆ ಫಲಕವೇ ಚರ್ಮವಾಗಿದೆ. ಭಾರತೀಯ ಅಮೂರ್ತ ಕಲೆಯಲ್ಲಿ ಇಷ್ಟು ಕಡಿಮೆಯಿಂದ ಇಷ್ಟನ್ನು ಹೇಳಿದ ಕೃತಿ ಬೇರೆ ಸಿಗುವುದು ಕಷ್ಟ.

ಅದೇ ದಶಕದಲ್ಲಿ ಅವರು ಕಂಚಿಗೆ ತಿರುಗಿದರು. ಮೇಣದ ತೆಳು ಹಾಳೆಗಳನ್ನು ಕತ್ತರಿಸಿ, ಹರಿದು, ಬಾಗಿಸಿ, ಅಂಟಿಸಿ ಎರಕ ಹೊಯ್ದರು. ಹೊಯ್ದ ಮೇಲೆ ಮೇಣದ ಹರಕುಗಳೆಲ್ಲ ಲೋಹದಲ್ಲಿ ಹಾಗೆಯೇ ನಿಂತವು. ಪಕ್ಕೆಲುಬು ಬರೀ ಕಡ್ಡಿ, ಹೊಟ್ಟೆಯ ಕಡೆ ಬಯಲು, ಕೈಯಲ್ಲಿ ಖಾಲಿ ತಟ್ಟೆ. ಜಾಕೊಮೆಟ್ಟಿಯ ಆಕೃತಿಗಳು ದೂರದಿಂದಾಗಿ ಸಣಕಲಾದರೆ ಇವರ ಆಕೃತಿಗಳು ಹಸಿವಿನಿಂದ ಸಣಕಲು. ನೋಟಕ್ಕೆ ಹೋಲುವ ಈ ಎರಡನ್ನು ಒಂದೇ ಮಾತಿನಲ್ಲಿ ವಿವರಿಸುವುದು ದೊಡ್ಡ ತಪ್ಪು. ವಿಯೆಟ್ನಾಂ ಜನರ ಹೋರಾಟಕ್ಕೆ ಗೌರವವಾಗಿ ಹೋರ್ ಮಾಡಿದ ತಾಯಿ-ಮಗುವಿನ ದೊಡ್ಡ ಕಂಚು 1977ರಲ್ಲಿ, ಮುಗಿದ ಸ್ವಲ್ಪ ಸಮಯದಲ್ಲಿಯೇ, ಶಾಂತಿನಿಕೇತನದ ಕಲಾಭವನದಿಂದ ಕಳುವಾಯಿತು.

ಉಳಿದವರಲ್ಲಿ ಲೋಥಲ್‌ನಲ್ಲಿ ಹುಟ್ಟಿದ ಹಿಮ್ಮತ್ ಶಾ (1933-2025) ಅವರ ಸುಟ್ಟ ಮಣ್ಣಿನ ಮತ್ತು ಕಂಚಿನ ತಲೆಗಳು ಉತ್ಖನನದಲ್ಲಿ ಸಿಕ್ಕಂತೆ ಕಾಣುತ್ತವೆ. ಮೃಣಾಲಿನಿ ಮುಖರ್ಜಿ (1949-2015) ಸೆಣಬಿನ ಹಗ್ಗವನ್ನು ಗಂಟುಹಾಕಿ ಯಕ್ಷಿಯರ ಗಾತ್ರದ, ಗಿಡವೋ ಮನುಷ್ಯರೋ ಎನಿಸುವ ಆಕೃತಿಗಳನ್ನು ನೇಯ್ದರು. ಕೇರಳದಲ್ಲಿ ಹುಟ್ಟಿ ಬೆಂಗಳೂರಿನಲ್ಲಿ ನೆಲೆಸಿದ ಬಾಲನ್ ನಂಬಿಯಾರ್ (ಜನನ 1937) ತೆಯ್ಯಂ, ಭೂತಾರಾಧನೆಗಳ ವೇಷಭೂಷಣದ ಆಕಾರಗಳನ್ನು ಉಕ್ಕಿನಲ್ಲಿ ತೆಗೆದವರು. ವೇಷ ತೊಟ್ಟ ಮನುಷ್ಯನನ್ನು ಬಿಟ್ಟು ವೇಷದ ಆಕಾರವನ್ನು ಮಾತ್ರ ಇಟ್ಟ ಆ ಕೃತಿಗಳನ್ನು ಕರಾವಳಿಯವರು ತಟ್ಟನೆ ಗುರುತಿಸಬಲ್ಲರು.

ಅರ್ಥೈಸುವ ಬಗೆ

ಇಂಥ ಶಿಲ್ಪದ ಮುಂದೆ ನಿಂತವರು ಮೊದಲು ಮಾಡುವುದು ಕಣ್ಣು ಮೂಗು ಹುಡುಕುವುದು. ಸಿಗದಿದ್ದರೆ ಹೆಸರಿನ ಫಲಕದತ್ತ ತಿರುಗುವುದು, ಆಮೇಲೆ ಶಿಲ್ಪಿಯ ಜೀವನದಲ್ಲಿ ಯಾವುದಾದರೂ ದುಃಖ ಇತ್ತೇ ಎಂದು ಕೇಳುವುದು. ಮೂರೂ ಸಹಜ, ಮೂರೂ ಕೃತಿಯಿಂದ ದೂರ ಒಯ್ಯುತ್ತವೆ. ಇದಕ್ಕೆ ಬೇಸತ್ತು ಅಮೂರ್ತ ಶಿಲ್ಪದಲ್ಲಿ ಆಕಾರವನ್ನು ಬಿಟ್ಟು ಬೇರೇನನ್ನೂ ನೋಡಬಾರದೆಂದು ವಾದಿಸಿದ ವಿಮರ್ಶಕರೂ ಇದ್ದಾರೆ. ತಿರ್ಗು ಜಿಯು ಸ್ತಂಭದಿಂದ ಸತ್ತ ಸೈನಿಕರನ್ನು, ಹೋರ್ ಅವರ ಬಿಳಿ ಫಲಕದಿಂದ ಕ್ಷಾಮವನ್ನು ಕಳೆದರೆ ಉಳಿಯುವುದು ಅಂದವಷ್ಟೆ. ಆ ವಾದ ಶಿಲ್ಪಿಗಳಿಗೆ ಅನ್ಯಾಯ ಮಾಡುತ್ತದೆ.

ಭದ್ರವಾದ ಓದು ಅಳತೆಯಿಂದ ಹೊರಡುತ್ತದೆ. ಕೃತಿ ನೋಡುಗರ ಎತ್ತರಕ್ಕಿದೆಯೇ, ಮೀರಿದೆಯೇ, ಕುಗ್ಗಿದೆಯೇ. ಪೀಠದ ಮೇಲಿದೆಯೇ, ನೆಲದ ಮೇಲೆಯೇ. ತಾನೇ ನಿಂತಿದೆಯೇ, ಆಸರೆ ಬೇಡುತ್ತದೆಯೇ. ತೂತು ಎಲ್ಲಿದೆ, ಅದರಾಚೆ ಏನು ಕಾಣುತ್ತದೆ. ಇದಾದ ಮೇಲೆ ವಸ್ತು: ಗೋಣಿತಟ್ಟು ಹೇಳುವುದನ್ನು ಅಮೃತಶಿಲೆ ಹೇಳದು. ಆಮೇಲೆ ಸ್ಥಳ ಮತ್ತು ಇಸವಿ. ಶಿಲ್ಪಿಯ ಜೀವನ ಕೊನೆಗೆ ಬರಬೇಕು, ಮೇಲಿನವುಗಳು ಒಪ್ಪಿದಷ್ಟು ಮಟ್ಟಿಗೆ ಬರಬೇಕು.

ಛಾಯಾಚಿತ್ರದಲ್ಲಿ ಇದಾವುದೂ ಆಗುವುದಿಲ್ಲ. ಬೆಂಕಿಪೊಟ್ಟಣದ ಆಕೃತಿಯೂ ಆರಡಿಯ ಆಕೃತಿಯೂ ಪುಟದಲ್ಲಿ ಒಂದೇ ಗಾತ್ರ. ಬೆಂಗಳೂರಿನ ಅರಮನೆ ರಸ್ತೆಯ ಮಾಣಿಕ್ಯವೇಲು ಮಹಲಿನಲ್ಲಿ 2009ರಿಂದ ರಾಷ್ಟ್ರೀಯ ಆಧುನಿಕ ಕಲಾ ಸಂಗ್ರಹಾಲಯದ ಶಾಖೆಯಿದೆ. ಅಲ್ಲಿಗೆ ಹೋದವರು ಯಾವುದಾದರೊಂದು ಶಿಲ್ಪದ ಪಕ್ಕ ನಿಂತು ಮೊದಲು ತಮ್ಮ ಎತ್ತರದೊಡನೆ ಅದನ್ನು ಹೋಲಿಸಿ ನೋಡಲಿ, ಸುತ್ತಲೂ ಒಮ್ಮೆ ನಡೆದು ಬರಲಿ; ಹೆಸರಿನ ಫಲಕವನ್ನು ಆಮೇಲೆ ಓದಲಿ.